ತರೀಕೆರೆಯೊಳಗಿನ ಅಜ್ಜಂಪುರ

ಅಂಜಿನಪ್ಪ ಸತ್ತು ವಾರವಾಗುವಷ್ಟರಲ್ಲಿ ನಮ್ಮ ಆಫೀಸಿನವರು ತಪ್ಪನ್ನೆಲ್ಲ ಸಂಘಮಿತ್ರಾಳ ತಲೆಗೆ ಕಟ್ಟಿದ್ದರು.

ಶ್ವಾಸಕೋಶ ಕೆಟ್ಟವರ ಮನೆಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಟ್ರಸ್ಟು ನಮ್ಮದು. ಆಫೀಸು ಬೀರೂರಿನಲ್ಲಿ, ಕೆಲಸ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ. ಅಜ್ಜಂಪುರಕ್ಕೆ ಇದ್ದವಳು ಒಬ್ಬಳೇ ನರ್ಸು, ಸಂಘಮಿತ್ರಾ. ಯಾರ ಸಿಲಿಂಡರ್ ಮುಗಿಯುತ್ತಾ ಬಂತೆಂದು ಆಫೀಸಿನ ವೆಬ್‌ಸೈಟಿನಲ್ಲಿದ್ದ ಆಪ್ ಅವಳ ಫೋನಿಗೆ ಮೆಸೇಜು ಕಳಿಸಬೇಕು, ಅವಳು ಹೊಸದನ್ನು ಒಯ್ಯಬೇಕು. ಅಂಜಿನಪ್ಪನ ಸರದಿ ಬಂದಾಗ ಮೆಸೇಜು ಬರಲಿಲ್ಲ. ಅವನ ಹೆಂಡತಿ ಉಚ್ಚಂಗಮ್ಮನಿಗೆ ಸಿಲಿಂಡರಿನ ಮೀಟರಿನ ಮುಳ್ಳು ನೋಡಲು ಬರುವುದಿಲ್ಲ. ಹುಡುಗಿ ಬರುತ್ತಾಳೆ ಬಿಡು ಎಂದು ಕೂತಿದ್ದಳು. ಗಂಡನಿಗೆ ಮೇಲುಸಿರು ಹತ್ತಿದಾಗ ಫೋನ್ ಮಾಡಿದಳು. ಆಗ ಪಕ್ಕದ ಶಿವನಿ ಊರಿನಲ್ಲಿದ್ದ ಸಂಘಮಿತ್ರಾ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಮುಖ್ಯಸ್ಥ ಮೃತ್ಯುಂಜಯ ಸರ್ ವಿಚಾರಣೆಯ ಶಾಸ್ತ್ರ ಮಾಡಿದರು. ಮೆಸೇಜು ಬರಲಿಲ್ಲ ಎಂದು ಅವಳು. ಅಂಥ ಆಪೇ ಸೈಟಿನಲ್ಲಿಲ್ಲ ಎಂದು ಕಂಪ್ಯೂಟರ್ ನೋಡಿಕೊಳ್ಳುವ ರಘು. ಸೈಟಿನಲ್ಲಿ ಯಾವ್ಯಾವ ಆಪ್ ಹಾಕಿದೆಯೆಂದು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ತೆಗೆದ ಪಟ್ಟಿಯನ್ನು ಮೇಜಿನ ಮೇಲಿಟ್ಟ. ಕಡೂರಿನವು ಇದ್ದವು, ತರೀಕೆರೆಯವೂ ಇದ್ದವು. ಅವಳು ಹೇಳುವ ಆಪ್ ಎಲ್ಲೂ ಇರಲಿಲ್ಲ. ಕಂಪ್ಯೂಟರೇ ಹೇಳಿದ ಮೇಲೆ ನರ್ಸಿನ ಮಾತನ್ನು ಯಾರು ಮೂಸಿ ನೋಡುತ್ತಾರೆ? ಅವಳನ್ನು ಕೆಲಸದಿಂದ ನಿಲ್ಲಿಸಿದರು.

ಲೆಕ್ಕ ಬರೆಯುವ ನನ್ನ ಮೇಜಿನ ಹತ್ತಿರ ಬಂದು ಅವಳು ಅತ್ತಳು.

"ಕೆಲ್ಸ ಹೋದ್ರೆ ಹೋಗ್ಲಿ ಕಣಕ್ಕ. ಉಚ್ಚಂಗಮ್ಮ ನನ್ನ ಮನೆ ಒಳಕ್ಕೇ ಬಿಟ್ಕೊಳ್ಳಲ್ಲ. ನನ್ ಗಂಡನ್ನ ತಿಂದ್ಕೊಂಡೆ ಅಂತಾಳೆ. ನನ್ ತಪ್ಪಲ್ಲ ಅಂತ ಆಯಮ್ಮಂಗೆ ಗೊತ್ತಾದ್ರೆ ಸಾಕು."

ನನಗೆ ಮೈ ಉರಿಯಿತು. ಸೈಟು ಶುರುವಾದಾಗ ರಘು ಇನ್ನೂ ಬಂದಿರಲಿಲ್ಲ, ನಾನಿದ್ದೆ. ಆಗ ಅಜ್ಜಂಪುರ ತಾಲ್ಲೂಕಾಗಿರಲಿಲ್ಲ. ತರೀಕೆರೆ ಸೈಟಿನೊಳಗೆ ಒಂದು ಒಳಸೈಟು ಮಾಡಿ ಅದನ್ನು ಕೂರಿಸಿದ್ದೆವು. ಆಮೇಲೆ ಅಜ್ಜಂಪುರಕ್ಕೆ ತಹಶೀಲ್ದಾರರು ಬಂದರು, ಬೋರ್ಡುಗಳು ಬದಲಾದವು. ನಮ್ಮ ಸೈಟಿನಲ್ಲಿ ಮಾತ್ರ ಅದು ಇನ್ನೂ ತರೀಕೆರೆಯ ಹೊಟ್ಟೆಯೊಳಗೇ ಇದೆ. ರಘುವಿನ ಸ್ಕ್ರಿಪ್ಟ್ ತರೀಕೆರೆಯನ್ನು ಕೇಳಿತ್ತು, ತರೀಕೆರೆ ತನ್ನದಷ್ಟನ್ನೇ ಹೇಳಿತ್ತು. ಒಳಗಿನದನ್ನು ಯಾರೂ ಕೇಳಿರಲಿಲ್ಲ.

ರಘುವಿನ ಪಕ್ಕ ಕೂತು, ಅಜ್ಜಂಪುರದ ಒಳಸೈಟಿನ ವಿಳಾಸ ಕೊಟ್ಟು ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಕಪ್ಪು ಪರದೆಯ ಮೇಲೆ ಹಳೆಯ ಆಪಿನ ಹೆಸರು ಬಂತು. ಪಕ್ಕದಲ್ಲೇ, ಕೆಲಸ ಮಾಡುತ್ತಿಲ್ಲ ಎಂದೂ ಬಂತು.

ರಘುವಿನ ಮುಖ ಬಿಳಿಚಿಕೊಂಡಿತು. "ಕಡೂರು, ತರೀಕೆರೆ ಹೊಸ ಆಪಿಗೆ ಬಂದಿದ್ವು ಮೇಡಂ. ಆಗ್ಲೂ ಇದೇ ಪಟ್ಟಿ ತೆಗ್ದಿದ್ದೆ, ಹಳೇದು ಅದ್ರಲ್ಲಿ ಇರ್ಲಿಲ್ಲ. ಯಾರೂ ಬಳಸ್ತಿಲ್ಲ ಅಂತ ಅದರ ಮೂಲ ಫೈಲನ್ನ ನಾನೇ ಕಿತ್ತಾಕ್ಬಿಟ್ಟೆ."

ಅವನು ಕಿತ್ತುಹಾಕಿದ ಮೇಲೆ ಮೊದಲು ಮುಗಿದದ್ದು ಅಂಜಿನಪ್ಪನ ಸಿಲಿಂಡರು.

ಮೃತ್ಯುಂಜಯ ಸರ್ ಪರದೆ ನೋಡಿ ಕನ್ನಡಕ ತೆಗೆದರು. "ಆ ಹುಡ್ಗೀನ ವಾಪಸ್ ಕರ್ಸೋಣ. ಆದ್ರೆ ಈ ವಿಷ್ಯ ಆಫೀಸ್ ಬಿಟ್ಟು ಆಚೆ ಹೋಗ್ಬಾರ್ದು ಕಣ್ರೀ."

"ಆಯ್ತು ಸಾರ್" ಎಂದೆ. ಮಾರನೇ ದಿನವೇ ಸಂಘಮಿತ್ರಾಳನ್ನು ಕರೆದುಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ.

ಉಚ್ಚಂಗಮ್ಮ ನನ್ನನ್ನು ಒಳಗೆ ಕರೆದಳು. ಸಂಘಮಿತ್ರಾ ಜಗಲಿಯಲ್ಲೇ ನಿಂತಳು. ಮುದುಕಿಗೆ ತಿಳಿಯುವ ಹಾಗೆ ಎಲ್ಲವನ್ನೂ ಹೇಳಿದೆ. ಅಜ್ಜಂಪುರದಲ್ಲಿ ಏನಿದೆ ಅಂತ ಕೇಳೋದನ್ನ ಆಫೀಸಿನವರು ಮರೆತರು, ಅದಕ್ಕೇ ಸುದ್ದಿ ಕಳಿಸೋದು ನಿಂತುಹೋಯಿತು, ಈ ಹುಡುಗಿಯದೇನೂ ತಪ್ಪಿಲ್ಲ ಎಂದೆ.

"ಅಂಗಾರೆ ಆಫೀಸ್ನೋರು ಬೇಕೂಂತ ಮಾಡಿದ್ರಾ?"

"ಇಲ್ಲವ್ವ. ಗೊತ್ತಾಗ್ಲಿಲ್ಲ ಅಷ್ಟೇ."

ಅವಳು ಜಗಲಿಯ ಕಡೆ ಕೈ ತೋರಿಸಿದಳು.

"ಇವ್ಳೇ ಅಂದ್ಕೊಂಡು ದಿನಾ ಬೈತಿದ್ದೆ. ಬೈಕೊಂಡ್ರೆ ಒಂದ್ ತುತ್ತು ಗಂಟ್ಲಲ್ಲಿ ಇಳೀತಿತ್ತು. ಇನ್ ನಾನು ಯಾರಿಗ್ ಬೈಲವ್ವ?"

ನ್ಯಾಯ ಹೇಳಲು ಬಂದ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳಿಗಿದ್ದ ಒಂದು ಆಸರೆಯನ್ನೂ ಕಿತ್ತುಕೊಂಡಿದ್ದೆ.

ಸಂಘಮಿತ್ರಾ ಒಳಗೆ ಬಂದು ಮುದುಕಿಯ ಎದುರು ನೆಲದ ಮೇಲೆ ಕೂತಳು.

"ನಂಗೇ ಬೈಯವ್ವ" ಎಂದಳು.

ಉಚ್ಚಂಗಮ್ಮ ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಬೈಯತೊಡಗಿದಳು.