ರಸ್ತೆ ಕಡೆಯ ಸಾಲು

ಬತ್ತಿಸ್ತಾ ಗೇಟಿನಾಚೆಯೇ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೆಟ್ಟಿಲ ಮೇಲೆ ಕೂತು ಗೆಣಸಿನ ಸಿಪ್ಪೆ ಹೆರೆಯುತ್ತಿದ್ದ ಡೋರ್ಕಾಸ್ ಏಳಲಿಲ್ಲ. ನೋಡಿಯೂ ನೋಡದವಳ ಹಾಗೆ ಇನ್ನೊಂದು ಗೆಣಸು ಎತ್ತಿಕೊಂಡಳು. ಇಷ್ಟು ವರ್ಷ ಪೇಟೆಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಿದ್ದ ಮನುಷ್ಯ. ಕಾಯಲಿ ಸ್ವಲ್ಪ, ಬಿಸಿಲೇನು ಅವನನ್ನು ತಿಂದುಹಾಕುವುದಿಲ್ಲ.

"ಡೋರ್ಕಾಸಮ್ಮ, ಒಂದು ಮಾತಿತ್ತು," ಎಂದ.

"ಅಮ್ಮ ಅಂತೀಯಾ? ಪರವಾಗಿಲ್ಲ, ನಾಲಿಗೆ ಇನ್ನೂ ಮರೆತಿಲ್ಲ."

ಒಳಗಿದ್ದ ಅವಳ ಹಿರಿಯ ಮಗ ಅಬ್ನರ್ ಕಿಸಕ್ಕನೆ ನಕ್ಕದ್ದು ಹೊರಗೂ ಕೇಳಿಸಿತು.

ವಿಷಯ ಅವಳಿಗೆ ಗೊತ್ತೇ ಇತ್ತು. ತೊರೆಯ ಎರಡೂ ದಂಡೆಯವರಿಗೆ ಗೊತ್ತಿತ್ತು. ನಿನ್ನೆ ಸಂಜೆ ಬತ್ತಿಸ್ತಾ ತನ್ನ ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟಿದ್ದ. ಇಲಿಜ್ವರದ ಭಯಕ್ಕೆ ಈಗ ಎಲ್ಲರೂ ಸೋಗೆ ಸುಟ್ಟ ಮೇಲೆಯೇ ಕಡಿಸುವುದು. ಬೆಳಗ್ಗೆ ಕಡಿಯಲು ಬಂದ ಕ್ಲೆಮ್ ಹಾರಿಗನ್‌ನ ಗ್ಯಾಂಗು, ಸಾಲಿನಲ್ಲಿ ಬತ್ತಿಸ್ತಾನ ಭಾಮೈದ ಮಚ್ಚು ಹಿಡಿದು ನಿಂತಿದ್ದನ್ನು ನೋಡಿತು. ಇಟಲಿಯವನ ಜೊತೆ ನಾವು ಕಡಿಯುವುದಿಲ್ಲ ಎಂದವರೇ ಸೀದಾ ಹೋಗಿ ಹೋಟೆಲಿನ ಜಗಲಿಯಲ್ಲಿ ಬಿಯರು ಹಿಡಿದು ಕೂತರು. ಉಳಿದ ಇಟಲಿ ರೈತರು ನಾಳೆ ತಮ್ಮ ಗದ್ದೆಗೂ ಹಾರಿಗನ್‌ನವರೇ ಬರಬೇಕಲ್ಲ ಎಂದು ಬಾಯಿ ಹೊಲಿದುಕೊಂಡಿದ್ದರು. ಸುಟ್ಟ ಕಬ್ಬು ಯಾರನ್ನೂ ಕಾಯುವುದಿಲ್ಲ. ಬೇಗ ಕಡಿಯದಿದ್ದರೆ ರಸ ಹುಳಿಯಾಗುತ್ತದೆ, ಮಿಲ್ಲಿನವರು ಮೂಸಿಯೂ ನೋಡುವುದಿಲ್ಲ. ಬತ್ತಿಸ್ತಾನ ಇಡೀ ವರ್ಷದ ಬೆಳೆ ಅಲ್ಲಿ ಕರ್ರಗೆ ನಿಂತಿತ್ತು.

"ನಿಮ್ಮ ಮನೆಯವರು ಬಂದು ಕಡಿದುಕೊಡ್ತೀರಾ?"

"ನಮ್ಮಂಥ ದ್ವೀಪದೋರು ಕಬ್ಬು ಮುಟ್ಟಬಾರ್ದು ಅಂತ ಕಬ್ಬು ಕಡಿಯೋರ ಸಂಘದೋರು ಕಾನೂನೇ ಮಾಡಿಸಿದಾರಲ್ಲಪ್ಪ. ನಮ್ಮ ಕೈ ತಾಗಿದ್ರೆ ಸಕ್ಕರೆ ಕಪ್ಪಾಗುತ್ತೇನೋ!"

"ಅದು ಹಾರಿಗನ್‌ನ ಸಂಘ, ನಂದಲ್ಲ."

"ಜಗಲೀಲಿ ಅವನ ಪಕ್ಕ ಕೂತು ಹಲ್ಲು ಕಿರಿಯೋವಾಗ ನಿಂದೂ ಆಗಿತ್ತು."

ಬತ್ತಿಸ್ತಾ ತಲೆ ತಗ್ಗಿಸಿದ. ಇಟಲಿಯಿಂದ ಬಂದು ಹಡಗಿಳಿದ ಮೊದಲ ವರ್ಷ ಇದೇ ಮೆಟ್ಟಿಲ ಮೇಲೆ ಕೂತು ಅವಳ ಕೈಯ ಗೆಣಸು, ಮೀನು ತಿಂದವನು ಅವನು. ಮಚ್ಚು ಹಿಡಿಯುವುದನ್ನು ಅವನಿಗೆ ಕಲಿಸಿದ್ದು ಡೋರ್ಕಾಸ್‌ಳ ಗಂಡ. ಒಂದು ದಿನ ಹೋಟೆಲಿನಲ್ಲಿ ಯಾರೋ, "ಏನಯ್ಯಾ, ಕರಿಯರ ಮನೇಲಿ ಉಣ್ತೀಯಂತೆ?" ಎಂದು ಕೇಳಿ ನಕ್ಕರಂತೆ. ಮಾರನೆಯ ದಿನದಿಂದ ಅವನು ಬರಲಿಲ್ಲ. ಈ ದೇಶದವನಾಗಲು ಭಾಷೆ ಕಲಿಯಬೇಕು, ಜಮೀನು ಮಾಡಬೇಕು. ಅವೆರಡಕ್ಕೂ ಮೊದಲು ಡೋರ್ಕಾಸ್‌ಳನ್ನು ಕಂಡೂ ಕಾಣದ ಹಾಗೆ ನಡೆಯುವುದನ್ನು ಕಲಿಯಬೇಕು. ಅದನ್ನು ಅವನು ಬಲು ಬೇಗ ಕಲಿತ.

ಅವಳಿಗೆ ಇದೇನೂ ಹೊಸದಲ್ಲ. ಹಾರಿಗನ್‌ನ ಅಜ್ಜ ಹಸಿದ ಹೊಟ್ಟೆಯಲ್ಲಿ ಐರ್ಲೆಂಡಿನಿಂದ ಬಂದಾಗ ಅವನನ್ನೂ ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಕುಡಿದಾಗ ಹಾರಿಗನ್ನೇ ಹೇಳಿಕೊಂಡು ಅಳುತ್ತಿದ್ದ. ಇಲ್ಲಿ ಎಲ್ಲರೂ ಹಡಗಿನಲ್ಲಿ ಬಂದವರೇ, ಮೊದಲಿಂದಲೂ ಈ ನೆಲದಲ್ಲಿದ್ದವರನ್ನು ಕಾಡಿಗೆ ಅಟ್ಟಿ ಕೂತವರೇ. ಕಸಿದುಕೊಂಡದ್ದು ಎಲ್ಲಿ ಕೈಬಿಟ್ಟೀತೋ ಎಂದು ಜೀವ ಸದಾ ಪುಕಪುಕ ಅನ್ನುತ್ತಿರುತ್ತದೆ. ಅವಳ ಗಂಡನನ್ನು ಮಲೈಟಾ ದ್ವೀಪದಿಂದ ತಂದು ಪುಡಿಗಾಸಿಗೆ ದುಡಿಸಿಕೊಂಡವರು ತೋಟದ ದೊರೆಗಳು. ಅಗ್ಗಕ್ಕೆ ದುಡಿದು ನಮ್ಮ ರೊಟ್ಟಿ ಕಿತ್ತುಕೊಂಡರು ಎಂಬ ಬೈಗುಳ ಬಿದ್ದದ್ದು ಮಾತ್ರ ಅವನ ತಲೆಯ ಮೇಲೆ. ಈಗ ಅದೇ ಬೈಗುಳ ಬತ್ತಿಸ್ತಾನ ತಲೆ ಹುಡುಕಿಕೊಂಡು ಬಂದಿತ್ತು. ಅವಳಿಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ? ಪಾಪ ಅನ್ನಿಸಿದ್ದು ಆಮೇಲೆ.

"ಕಾನೂನು ಏನ್ ಮಾಡುತ್ತೋ ಮಾಡ್ಲಿ, ಬರ್ತೀವಿ," ಎಂದಳು.

ಬತ್ತಿಸ್ತಾನಿಗೆ ಹೋದ ಜೀವ ಬಂದಂತಾಯಿತು. "ದೇವರು ನಿಮಗೆ ಒಳ್ಳೇದು ಮಾಡ್ಲಿ. ಹಿಂದಿನಿಂದ ಶುರುಮಾಡಿ, ತೊರೆ ಕಡೆಯಿಂದ. ಅಲ್ಲಿ ಮರ ಇದಾವೆ, ರಸ್ತೇಲಿ ಹೋಗೋರಿಗೆ..."

ಡೋರ್ಕಾಸ್ ಚಾಕು ಕೆಳಗಿಟ್ಟು ಎದ್ದಳು. ಎದ್ದರೆ ಅವಳು ಅವನಿಗಿಂತ ಎತ್ತರ.

"ಇಲ್ಲಿ ಕೇಳು. ಗ್ಯಾಂಗಿಗೆ ಕೊಡೋ ಕೂಲೀನೇ ನಮಗೂ. ಅಗ್ಗದೋರು ಅನ್ನೋ ಹೆಸರು ಹೊತ್ತು ಹೊತ್ತು ಸಾಕಾಗಿದೆ. ಮತ್ತೆ ಶುರು ಮಾಡೋದು ರಸ್ತೆ ಕಡೆಯಿಂದ."

"ಅಯ್ಯೋ, ಎಲ್ರೂ ನೋಡ್ತಾರಲ್ಲಮ್ಮ!"

"ನೋಡ್ಲಿ ಅಂತಾನೇ."

"ಹಾರಿಗನ್ ನನ್ನನ್ನ ಊರಲ್ಲಿ ಬಾಳಿಸಲ್ಲ. ಮುಂದಿನ ವರ್ಷ ಒಬ್ಬನೂ ನನ್ನ ಗದ್ದೆಗೆ ಕಾಲಿಡಲ್ಲ."

"ದೊರೆಗಳ ಕಾಲದಲ್ಲಿ ಆ ಗದ್ದೆಯ ಒಂದೊಂದು ಕಲ್ಲನ್ನೂ ಎತ್ತಿ ಹೊರಗೆ ಹಾಕಿದ್ದು ನನ್ನ ಗಂಡ. ಅವನ ಮಕ್ಕಳು ಅಲ್ಲಿಗೆ ಕಳ್ಳರ ಹಾಗೆ ಹಿತ್ತಲಿಂದ ನುಗ್ಗಲ್ಲ. ಆಗಲ್ಲ ಅಂದ್ರೆ ನಿನ್ನ ದಾರಿ ನೀನು ನೋಡ್ಕೋ, ನನಗೆ ಒಲೆ ಹಚ್ಚೋ ಹೊತ್ತಾಯ್ತು."

ಅವನು ಟೋಪಿಯನ್ನು ಹಿಂಡಿದ, ತಿರುಗಿಸಿದ, ರಸ್ತೆಯ ಕಡೆ ನೋಡಿದ. ಕೊನೆಗೆ, "ಆಯ್ತು ಬನ್ನಿ," ಎಂದ.

ಮಾರನೆಯ ದಿನ ಸೂರ್ಯ ಹುಟ್ಟುವಾಗಲೇ ಡೋರ್ಕಾಸ್, ಇಬ್ಬರು ಮಕ್ಕಳು, ಸೊಸೆ, ಅಣ್ಣನ ಮನೆಯವರು ರಸ್ತೆ ಕಡೆಯ ಸಾಲಿಗೆ ಮಚ್ಚು ಹಾಕಿದರು. ಅಬ್ಬಾ, ಆ ಕೈಗಳ ಓಟವೇ! ಬುಡಕ್ಕೊಂದು ಏಟು, ತುದಿಗೊಂದು ಏಟು, ಕಬ್ಬು ಪಕ್ಕಕ್ಕೆ. ಕಾನೂನು ಕೈಕಟ್ಟಿ ಕೂರಿಸಿದ್ದರೂ ಮೈ ಏನನ್ನೂ ಮರೆತಿರಲಿಲ್ಲ. ಮಕ್ಕಳನ್ನು ನೋಡಿ ಡೋರ್ಕಾಸ್‌ಳ ಎದೆ ಉಬ್ಬಿತು. ಇವರಪ್ಪ ನೋಡಬೇಕಿತ್ತು ಅಂದುಕೊಂಡಳು.

ಬತ್ತಿಸ್ತಾನೂ ಭಾಮೈದನೂ ಪಕ್ಕದ ಸಾಲು ಹಿಡಿದರು. ಜಮೀನ್ದಾರನಾಗಿ ಹೊಟ್ಟೆ ಬಂದಿದ್ದ ಬತ್ತಿಸ್ತಾ ಅರ್ಧ ಬಗ್ಗಿ, ಮೊಣಕಾಲೆತ್ತರಕ್ಕೆ ಮಚ್ಚು ಬೀಸುತ್ತಿದ್ದ.

"ಬಗ್ಗೋ ಮಾರಾಯಾ!" ಎಂದು ಡೋರ್ಕಾಸ್ ಗದರಿದಳು. "ಇನ್ನೂ ಬಗ್ಗು. ಸಕ್ಕರೆ ಎಲ್ಲಾ ಬುಡದಲ್ಲಿರೋದು. ನೀನೇನು ದನಕ್ಕೆ ಮೇವು ಕೊಯ್ತಿದೀಯಾ?"

ಅವನು ಬಗ್ಗಿದ. ಬಿಸಿಲೇರುವ ಹೊತ್ತಿಗೆ ಸುಟ್ಟ ಕಬ್ಬಿನ ಮಸಿ ಎಲ್ಲರ ಮುಖ, ತೋಳು, ಅಂಗಿಗೆಲ್ಲ ಮೆತ್ತಿಕೊಂಡಿತ್ತು.

ಆಗ ಲಾರಿಯೊಂದು ಬಂದು ರಸ್ತೆಯಲ್ಲಿ ನಿಂತಿತು. ಹಾರಿಗನ್ ಇಳಿದ, ಅವನ ಹಿಂದೆ ಗ್ಯಾಂಗು. ಅವನು ಹಣೆಗೆ ಕೈ ಅಡ್ಡ ಹಿಡಿದು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದ. ಬಗ್ಗಿದ ಬೆನ್ನುಗಳು, ಮಸಿ ಹಿಡಿದ ಮುಖಗಳು.

"ಬತ್ತಿಸ್ತಾ ಎಲ್ಲಿ?" ಎಂದು ಕೂಗಿದ. "ಈ ಕರಿಯರನ್ನ ಗದ್ದೆಗೆ ಬಿಟ್ಟು ಎಲ್ಲಿ ಅಡಗಿದಾನೆ ಅವನು?"

ಮಚ್ಚುಗಳು ನಿಂತವು. ಬತ್ತಿಸ್ತಾ ಡೋರ್ಕಾಸ್‌ಳಿಂದ ಕೈಯಳತೆಯಲ್ಲಿ ಬಗ್ಗಿಕೊಂಡೇ ಇದ್ದ. ಹಾಗೇ ಬಗ್ಗಿದ್ದರೆ ಸಾಕಿತ್ತು, ಹಾರಿಗನ್‌ನ ಕಣ್ಣು ದಾಟಿಹೋಗುತ್ತಿತ್ತು. ಇಲ್ಲಿದಾನೆ ನೋಡು ಎಂಬ ಮಾತು ಡೋರ್ಕಾಸ್‌ಳ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದಳು. ಅದು ಅವಳು ಹೇಳುವ ಮಾತಲ್ಲ.

ಬತ್ತಿಸ್ತಾ ಸೊಂಟಕ್ಕೆ ಕೈಕೊಟ್ಟು ನಿಧಾನಕ್ಕೆ ನೆಟ್ಟಗಾದ.

"ಇಲ್ಲಿದೀನಿ," ಎಂದ.

ಹಾರಿಗನ್ ಅವನನ್ನು ಗುರುತಿಸಲು ಎರಡು ಹೆಜ್ಜೆ ಮುಂದೆ ಬರಬೇಕಾಯಿತು. "ಇವರ ಜೊತೇನಾ?"

"ಹೂಂ," ಎಂದ ಬತ್ತಿಸ್ತಾ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಈ ಸಲ ರಸ್ತೆಯವರಿಗೆಲ್ಲ ಕೇಳುವಂತೆ, "ಇವರ ಜೊತೆ," ಎಂದ.

ಡೋರ್ಕಾಸ್ ಅಂಗೈಗೆ ಉಗುಳಿ ಉಜ್ಜಿಕೊಂಡಳು. ಮುಂದಿನ ಬುಡಕ್ಕೆ ಮಚ್ಚು ಬಿತ್ತು. ಅವಳ ಹಿಂದೆಯೇ ಸಾಲಿನುದ್ದಕ್ಕೂ ಮಚ್ಚುಗಳ ಸದ್ದು ಮತ್ತೆ ಎದ್ದಿತು.