ದೇವರಕಾಡಿನಲ್ಲಿ ಉಳಿದ ಚೀಲ

ಕೊಣನೂರು ಶಾಲೆಯ ಈಶ್ವರಯ್ಯ ಮೇಷ್ಟ್ರಿಗೆ ೧೯೬೧ರ ಜನಗಣತಿಯಲ್ಲಿ ಕಡೆಗೆ ಉಳಿದದ್ದು ಕಾಡಿನ ಕಣಿವೆಯೊಳಗಿನ ಹನ್ನೆರಡು ಮನೆಗಳ ಒಂದು ಊರು. ಹದಿನೈದು ದಿನ ಬಿಸಿಲಲ್ಲಿ ಅಲೆದು ಬೇರೆ ಊರುಗಳ ಚೀಟಿಗಳನ್ನೆಲ್ಲ ಬರೆದಿದ್ದರು. ಅವೆಲ್ಲವೂ ಹೆಗಲ ಚೀಲದಲ್ಲಿದ್ದವು.

ದಾರಿ ದೇವರಕಾಡನ್ನು ಹಾದು ಹೋಗುತ್ತಿತ್ತು. ಹಳ್ಳದ ಆಚೆಗೇ ಊರು. ಬಾಯಾರಿದ ಮೇಷ್ಟ್ರು ಚೀಲವನ್ನು ಮರದ ಬೇರಿನ ಮೇಲಿಟ್ಟು ನೀರಿಗೆ ಇಳಿದರು. ಬೊಗಸೆ ಬಾಯಿಗೆ ಮುಟ್ಟುವಷ್ಟರಲ್ಲಿ ಹಿಂದೆ ಬಿದಿರು ಮುರಿದ ಸದ್ದು. ತಿರುಗಿದರೆ, ತಾವು ಇಳಿದು ಬಂದ ಜಾಗದಲ್ಲೇ ಮೂರು ಆನೆ, ಜೊತೆಗೊಂದು ಮರಿ. ಮೇಷ್ಟ್ರು ಹಳ್ಳ ದಾಟಿ ಓಡಿದರು.

ಮೊದಲ ಮನೆ ಬೆಟ್ಟಮ್ಮನದು. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಮುದುಕಿ, ಆನೆ ಬಂದು ಚೀಲ ಕಾಡಲ್ಲೇ ಉಳಿದ ಸಂಗತಿ ಕೇಳಿ ಮೊದಲು ಒಂದು ಚೊಂಬು ಮಜ್ಜಿಗೆ ಕೊಟ್ಟಳು.

“ಯಾರಾದರೂ ಎತ್ತಿಕೊಂಡು ಹೋದರೆ ನನ್ನ ಕೆಲಸವೇ ಹೋಗುತ್ತಮ್ಮ,” ಎಂದರು ಮೇಷ್ಟ್ರು.

“ಯಾರೂ ಮುಟ್ಟಕಿಲ್ಲ ಬುಡಿ ಸಾ. ಆ ಕಾಡಲ್ಲಿ ನಾವು ಒಣಗಿದ ಕಡ್ಡೀನೂ ಎತ್ತಕಿಲ್ಲ. ಮಡಗಿದೋರೇ ಓಗಿ ತಕಬೇಕು.”

“ನಿಮ್ಮ ಕಟ್ಟಳೆ ಆನೆಗೆ ಗೊತ್ತೇನಮ್ಮ?”

ಬೆಟ್ಟಮ್ಮ ನಕ್ಕಳು. “ಅದನ್ನ ಮಾತ್ರ ನಾನು ಏಳಕಾಗಕಿಲ್ಲ.”

ಅವಳ ಮಗ ಚಲುವಯ್ಯ ದಿಬ್ಬ ಹತ್ತಿ ನೋಡುತ್ತ ಕೂತ. ಹೊತ್ತು ಇಳಿಯುವ ವೇಳೆಗೆ ಬಂದು, “ಆನೆ ಮೇಗಡೆ ಓದ್ವು, ಬನ್ನಿ ಸಾ,” ಎಂದ. ಕಾಡಿನ ಅಂಚಿನಲ್ಲಿ ಇಬ್ಬರೂ ಮೆಟ್ಟು ಬಿಟ್ಟು ಒಳಹೊಕ್ಕರು.

ಬೇರಿನ ಮೇಲೆ ಚೀಲವಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ಅದು ಹರಿದು ಬಿದ್ದಿತ್ತು. ಒಳಗಿದ್ದ ರೊಟ್ಟಿ ಬುತ್ತಿ ಮಾಯವಾಗಿತ್ತು. ಚೀಟಿಗಳ ಕಟ್ಟು ಮಾತ್ರ ದಾರ ಕೂಡ ಬಿಚ್ಚದೆ ದೂಳಿನಲ್ಲಿ ಬಿದ್ದಿತ್ತು. ಮೇಷ್ಟ್ರು ಅಲ್ಲೇ ಕುಕ್ಕರಿಸಿ ಒಂದೊಂದೇ ಚೀಟಿ ತಿರುವಿದರು. ಒಂದೂ ಕಡಿಮೆಯಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಚಲುವಯ್ಯ ಬೇರೆ ಕಡೆ ನೋಡಿದ.

“ಬುತ್ತಿ ಓಯ್ತಲ್ಲ ಸಾ.”

“ತಿನ್ನಲಿ ಬಿಡಪ್ಪ. ಹೊಟ್ಟೆ ತುಂಬ ತಿನ್ನಲಿ.”

ಬೆಟ್ಟಮ್ಮನ ಅಂಗಳಕ್ಕೆ ಊರಿನ ಜನ ಒಬ್ಬೊಬ್ಬರಾಗಿ ಬಂದು ಹೆಸರು ಬರೆಸಿದರು. ಬೆಟ್ಟಮ್ಮನಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ದೊಡ್ಡ ಬರಗಾಲ ಮುಗಿದ ವರ್ಷ ಹುಟ್ಟಿದವಳೆಂದು ಅವಳ ತಾಯಿ ಹೇಳುತ್ತಿದ್ದಳಂತೆ. ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿ, ಎಂಬತ್ತೆರಡು ಎಂದು ಬರೆದರು.

“ಅಷ್ಟೊಂದಾ?” ಎಂದು ಮುದುಕಿ ಮಗನ ಮುಖ ನೋಡಿದಳು. ಆಮೇಲೆ ಎದ್ದು, ಮೇಷ್ಟ್ರಿಗೆ ಬಿಸಿ ಮುದ್ದೆ ತಿರುವಲು ಒಳಗೆ ಹೋದಳು.