ಸಭಾಮನೆಯ ನೆಲ ಉಬ್ಬಿದ್ದು

ನೆಲ ತೊಳೆಯುವುದೆಂದರೆ ಟೆಕ್ಲಾಗೆ ಎರಡು ಬಕೆಟ್ ಬಿಸಿನೀರು, ಒಂದು ಹಿಡಿ ಮೆದು ಸಾಬೂನು, ಎರಡು ಮೊಣಕಾಲು. ಸ್ವೀಡನ್ನಿನ ತೆಂಕಣ ಸೀಮೆಯ ಆ ಊರಿನ ಸಭಾಮನೆಯಲ್ಲಿ ನಲವತ್ತೊಂದು ವರ್ಷ ಒಂದು ಶನಿವಾರವನ್ನೂ ಅವಳು ತಪ್ಪಿಸಿದವಳಲ್ಲ. ಪೈನ್ ಹಲಗೆಯ ನೆಲ ಆ ಸಾಬೂನನ್ನು ಕುಡಿದು ಕುಡಿದು ಹಾಲಿನ ಕೆನೆಯಂತೆ ಬೆಳ್ಳಗಾಗಿತ್ತು. ಅವಳ ತಾಯಿ ತೊಳೆಯುತ್ತಿದ್ದದ್ದೂ ಹಾಗೇ. ನೀರಿಗೆ ಜಿಪುಣತನ ಮಾಡುವವಳನ್ನು ಅಲ್ಲಿ ಕೊಳಕಿ ಅನ್ನುತ್ತಿದ್ದರು.

ಹೋದ ವರ್ಷ ಆ ಹಲಗೆಗಳ ಮೇಲೇ, ಒಂದಕ್ಕೊಂದು ಸಿಕ್ಕಿಸುವ ತೆಳುವಾದ ಲ್ಯಾಮಿನೇಟ್ ಹಲಗೆ ಹಾಸಿದರು. ಟೆಕ್ಲಾ ಅದನ್ನೂ ಹಾಗೇ ತೊಳೆದಳು. ಆರುವ ಮೊದಲೇ ಚಿಂದಿಬಟ್ಟೆಯಲ್ಲಿ ನೇಯ್ದ ಉದ್ದನೆಯ ಜಮಖಾನೆಗಳನ್ನು ಮೇಲೆ ಹಾಸಿ ಬರುತ್ತಿದ್ದಳು. ಮೇ ತಿಂಗಳ ಕೊನೆಗೆ ಅವನ್ನು ಒಗೆಯಲು ಎತ್ತಿದರೆ, ಬಾಗಿಲ ಕಡೆಯ ಹೊಸ ಹಲಗೆಗಳ ಅಂಚುಗಳೆಲ್ಲ ಬಾತ ಬೆರಳಿನಂತೆ ಎದ್ದಿದ್ದವು.

ಸಭಾಮನೆ ನೋಡಿಕೊಳ್ಳುವ ಯೋರ್ಡಿಸ್ ಬಂದು ತಲೆ ಚಚ್ಚಿಕೊಂಡಳು.

"ನಡುಬೇಸಿಗೆ ಹಬ್ಬದ ಕುಣಿತಕ್ಕೆ ಇನ್ನು ಮೂರೇ ವಾರ. ಯಾರಾದ್ರೂ ಎಡವಿ ಬಿದ್ರೆ? ಇನ್ಮೇಲೆ ಪಟ್ಟಣದ ಕಂಪನಿಯವರೇ ಬಂದು ಒರೆಸ್ಲಿ ಬಿಡು, ಟೆಕ್ಲಾ."

"ಮತ್ತೆ ನಾನು?"

"ನೀನು ಬಂದು ಕಾಫಿ ಕುಡ್ಕೊಂಡು ಹೋಗು."

ಆ ಕಾಫಿಯ ಮಾತು ಟೆಕ್ಲಾಳ ಎದೆಗೆ ಮುಳ್ಳಿನಂತೆ ಚುಚ್ಚಿತು. "ಮೊದ್ಲು ಸಿಕ್ಸ್ಟನ್ ಒಂದ್ಸಲ ನೋಡ್ಲಿ," ಎಂದಳು, ಅಷ್ಟೇ.

ಆ ನೆಲ ಹಾಸಿದವನು ಸಿಕ್ಸ್ಟನ್. ಎಪ್ಪತ್ತು ದಾಟಿದ ಮುದುಕ. ಬೂಟು ಹೊರಗೆ ಬಿಚ್ಚಿಟ್ಟು ಕಾಲುಚೀಲದಲ್ಲೇ ಒಳಗೆ ಬಂದ.

"ಏನವ್ವ, ನೆಲ ತೊಳೆದ್ಯೋ, ಕೆರೆ ಕಟ್ಸಿದ್ಯೋ?"

"ಬಾಯಿ ಮುಚ್ಕೊಂಡು ಕೆಲಸ ನೋಡೋ."

ಅವನು ನೆಲಕ್ಕೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟುತ್ತ ಹೋದ. ಗೋಡೆಯಂಚಿನ ಪಟ್ಟಿ ಕಿತ್ತ. ಹಲಗೆಗೂ ಗೋಡೆಗೂ ನಡುವೆ ಕಿರುಬೆರಳಿನಷ್ಟು ಸಂದು.

"ಬೇಕೂಂತಲೇ ಬಿಟ್ಟಿದ್ದು. ಬೇಸಿಗೇಲಿ ನೆಲ ಹಿಗ್ಗತ್ತೆ, ಚಳೀಲಿ ಕುಗ್ಗತ್ತೆ. ಇಡೀ ನೆಲಕ್ಕೆ ಒಂದು ಮೊಳೆ ಇಲ್ಲ."

ಟೆಕ್ಲಾ ಸಂದಿನಲ್ಲಿ ಬೆರಳಿಟ್ಟಳು. ಇಷ್ಟು ದಿನ ಉಸಿರಾಡುವ ಜೀವವೊಂದರ ಮೇಲೆ ಓಡಾಡುತ್ತಿದ್ದೆನೇ ಎಂದು ಅವಳ ಮೈ ಜುಮ್ಮೆಂದಿತು.

ಅವನು ಹಲಗೆಯನ್ನು ತುಸು ಓರೆಯಾಗಿಸಿ ಎತ್ತಿದ. ಅವರೆಕಾಯಿ ಬಿಡಿಸಿದಂತೆ ಬಂತು. ಆರು ಸಾಲು ಕೆಟ್ಟಿದ್ದವು, ಏಳನೆಯದು ಗಟ್ಟಿಯಿತ್ತು. ಉಬ್ಬಿದ ಅಂಚನ್ನು ಮುರಿದ. ನೆನೆದ ರಸ್ಕಿನಂತೆ ಉದುರಿತು.

"ಇದೂ ಮರವೇ. ಪುಡಿ ಮಾಡಿ ಒತ್ತಿದ್ದು. ಹವೆಗೆ ಹಿಗ್ಗಿದ್ರೆ ಕುಗ್ಗತ್ತೆ, ನೀರು ಕುಡಿದು ಉಬ್ಬಿದ್ರೆ ಮಾತ್ರ ವಾಪಸ್ ಕುಗ್ಗೋದೇ ಮರ್ತುಬಿಡತ್ತೆ."

"ಮೇಲೆ ಕಲ್ಲಿನ ಹಾಗಿದ್ಯಲ್ಲೋ! ನೀರು ಎಲ್ಲಿಂದ ಹೋಯ್ತು?"

ಅವನು ಕೆಟ್ಟ ಹಲಗೆಗಳೆರಡನ್ನು ಮತ್ತೆ ಜೋಡಿಸಿ, ಉಬ್ಬದ ಕಡೆ ಒಂದು ಹನಿ ಬಿಟ್ಟ. ಹನಿ ಮಣಿಯಂತೆ ನಿಂತಿತು. ಅದರೊಳಗೆ ಕಿಟಕಿ, ಕಿಟಕಿಯಾಚೆಯ ಬರ್ಚ್ ಮರ, ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಬೆರಳ ತುದಿಯಿಂದ ಅದನ್ನು ಎರಡು ಹಲಗೆ ಕೂಡುವ ಗೆರೆಗೆ ತಳ್ಳಿದ. ಹನಿ ಒಂದು ಕ್ಷಣ ತಡೆಯಿತು. ಆಮೇಲೆ ಉದ್ದವಾಯಿತು, ಸಣ್ಣಗಾಯಿತು. ಕೊನೆಗೆ ಇರಲೇ ಇಲ್ಲ.

ಜೀವಮಾನವೆಲ್ಲ ನೀರಿನಲ್ಲಿ ಕೈಯಿಟ್ಟವಳು ಟೆಕ್ಲಾ. ನೀರನ್ನು ಕಣ್ಣಿಟ್ಟು ನೋಡಿದ್ದು ಅಂದೇ.

"ಇನ್ನೊಂದು ಬಿಡು," ಎಂದಳು. ಬಿಟ್ಟ. "ಇನ್ನೊಂದು."

"ಸಾಕು ಮಾರಾಯ್ತಿ, ಸಂಜೆವರೆಗೂ ಇದೇ ಆಟ ಆಡ್ತೀಯಾ!"

ಕಿಟಕಿಗಳನ್ನು ತೆರೆದಿಟ್ಟು ಐದು ದಿನ ಕೆಳಗಿನ ಪೈನ್ ನೆಲವನ್ನು ಒಣಗಿಸಿದರು. ಅಟ್ಟದಲ್ಲಿ ಉಳಿದಿದ್ದ ಲ್ಯಾಮಿನೇಟ್ ಕಟ್ಟುಗಳಿಂದ ಆರು ಸಾಲು ಹಾಸಿದರು. ಸಾಬೂನು ಬೇಡ, ಬಟ್ಟೆ ಹಿಂಡಿದರೆ ಹನಿ ಬೀಳಬಾರದು, ಹಲಗೆಯ ಉದ್ದಕ್ಕೇ ಒರೆಸಬೇಕು, ಹತ್ತು ಎಣಿಸುವುದರೊಳಗೆ ಆರಬೇಕು ಎಂದು ಸಿಕ್ಸ್ಟನ್ ಹೇಳಿಕೊಟ್ಟ. ಹಿಂಡಿ ಹಿಂಡಿ ಟೆಕ್ಲಾಳ ಮಣಿಕಟ್ಟು ನೋಯತೊಡಗಿತು. ಮೊದಲ ದಿನ ಹದಿನೆಂಟಕ್ಕೆ ಆರಿತು. ನಾಲ್ಕನೆಯ ದಿನ ಒಂಬತ್ತಕ್ಕೆ.

ಶನಿವಾರ ಯೋರ್ಡಿಸ್ ಬಾಗಿಲಲ್ಲಿ ನಿಂತು ನೋಡಿದಳು. ಟೆಕ್ಲಾ ಒಂದು ಸಾಲು ಒರೆಸಿ ಮೊಣಕಾಲಲ್ಲೇ ಕುಳಿತಿದ್ದಳು.

"ಕಂಪನಿಯವರು ಬೇಡ ಅಂತ ಹೇಳ್ಬಿಡ್ತೀನಿ ಕಣೆ," ಎಂದಳು ಯೋರ್ಡಿಸ್.

"ಶ್, ತಡಿ, ಹೋಗ್ತಾ ಇದೆ ನೋಡು."

ಗಾಜಿನ ಮೇಲಿನ ಉಸಿರಿನಂತೆ ಒದ್ದೆಯ ಗೆರೆ ಎರಡೂ ತುದಿಯಿಂದ ಕರಗುತ್ತಿತ್ತು. ಯೋರ್ಡಿಸ್ ಲಂಗ ಎತ್ತಿಕೊಂಡು ಪಕ್ಕದಲ್ಲಿ ಕುಕ್ಕರಿಸಿದಳು.